ಯಾರಿಗೆ ಹಾಡು, ಯಾರಿಗೆ ಮೌನ: ನೀವು ಆರಿಸಬೇಡಿ, ಚೀಟಿ ಆರಿಸಲಿ

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಎಂ.ಎ. ಮನೋವಿಜ್ಞಾನ ಎರಡನೇ ವರ್ಷ ಓದುತ್ತಿದ್ದೇನೆ. ಹಾಡು ಕೇಳುತ್ತಾ ಓದಿದರೆ ನೆನಪು ಕಡಿಮೆಯಾಗುತ್ತದಾ ಅನ್ನುವುದು ನನ್ನ ಪ್ರಾಜೆಕ್ಟ್. ಡಿಗ್ರಿ ಓದುವ 40 ಜನ ಸಿಕ್ಕಿದರು. ಬೆಳಿಗ್ಗೆ ಬಂದ 20 ಜನರಿಗೆ ಹಾಡು ಹಾಕಿ ಪದಗಳ ಪಟ್ಟಿ ಓದಿಸಿದೆ. ಮಧ್ಯಾಹ್ನ ಬಂದ 20 ಜನರಿಗೆ ಹಾಡಿಲ್ಲದೆ ಓದಿಸಿದೆ. ಯಾರನ್ನೂ ಬೇಕಂತ ಆರಿಸಲಿಲ್ಲ, ಬಂದ ಹಾಗೆ ತಗೊಂಡೆ. ಈಗ ಗೈಡ್ "ಇದು ರ‍್ಯಾಂಡಮ್ ಅಲ್ಲ, ಮತ್ತೆ ಮಾಡು" ಅನ್ನುತ್ತಿದ್ದಾರೆ. ಬಂದ ಹಾಗೆ ತಗೊಂಡರೆ ಅದೇ ರ‍್ಯಾಂಡಮ್ ಅಲ್ವಾ? ರೋಲ್ ನಂಬರ್ ಸಮ-ಬೆಸ ನೋಡಿ ಹಂಚಿದರೆ ಸಾಕಾ? ಇಲ್ಲಾ, ಎಲ್ಲರಿಗೂ ಎರಡೂ ಮಾಡಿಸಿಬಿಟ್ಟರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರಶ್ನೆ ಓದಿದರೆ ಅವರ ಮೇಲೆ ನಿಮಗೆ ಸ್ವಲ್ಪ ಸಿಟ್ಟಿರುವ ಹಾಗೆ ಕಾಣುತ್ತದೆ. ಆದರೆ ನೀವು ಮಾಡಿದ ತಪ್ಪು ಅಪರೂಪದ್ದೇನಲ್ಲ. ಮೈಸೂರಿನಲ್ಲಿ ಪಾಠ ಮಾಡಿದ ಇಷ್ಟು ವರ್ಷದಲ್ಲಿ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು "ಬಂದ ಹಾಗೆ ತಗೊಂಡೆ ಮೇಡಂ" ಅಂತ ಬರುತ್ತಿದ್ದರು. ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡವಳೇ, ಆ ಕಥೆಗೆ ಆಮೇಲೆ ಬರುತ್ತೇನೆ.

ಬೆಳಿಗ್ಗೆ ಬಂದವರು ಯಾರು ಅಂತ ಯೋಚಿಸಿ. ಕೆಲವರು ಮಂಡ್ಯದಲ್ಲೇ ಇರುವವರು, ಎದ್ದು ಸ್ನಾನ ಮಾಡಿ ನಡೆದುಕೊಂಡು ಬಂದವರು. ಇನ್ನು ಕೆಲವರು ಮಳವಳ್ಳಿ ಕಡೆಯಿಂದಲೋ ಕೆ.ಆರ್. ಪೇಟೆ ಕಡೆಯಿಂದಲೋ ಮೊದಲನೇ ಬಸ್ಸು ಹಿಡಿದು, ನಿಂತುಕೊಂಡೇ ಬಂದವರು. ಪ್ರಯೋಗ ಅಂದ ಕೂಡಲೇ ಮುಂದೆ ಬರುವ ಉತ್ಸಾಹಿಗಳು ಬೆಳಿಗ್ಗೆಯೇ ಹಾಜರಾಗುತ್ತಾರೆ. ಗೆಳೆಯರು ಎಳೆದುಕೊಂಡು ಬಂದ ಮೇಲೆ ಬರುವವರು ಮಧ್ಯಾಹ್ನ ಬರುತ್ತಾರೆ, ಅದೂ ಊಟ ಮುಗಿಸಿ. ಹೊಟ್ಟೆ ತುಂಬ ಮುದ್ದೆ ಉಂಡು ಕೂತವನಿಗೂ ಬೆಳಿಗ್ಗೆ ಒಂಬತ್ತಕ್ಕೆ ಕೂತವನಿಗೂ ಒಂದೇ ಪದಪಟ್ಟಿ ಒಂದೇ ರೀತಿ ನೆನಪಿರುತ್ತದಾ? ಈಗ ನಿಮ್ಮ ಹಾಡಿನ ಗುಂಪಿಗೆ ಕಡಿಮೆ ಅಂಕ ಬಂತು ಅಂತಲೇ ಇಟ್ಟುಕೊಳ್ಳಿ. ಅದು ಹಾಡಿನಿಂದಲಾ, ಬಸ್ಸಿನಿಂದಲಾ, ಹೊತ್ತಿನಿಂದಲಾ, ಬಂದವರ ಸ್ವಭಾವದಿಂದಲಾ? ಹೇಳೋಕೆ ಆಗಲ್ಲ. ಎಲ್ಲಾ ಒಂದೇ ಪಾತ್ರೆಗೆ ಬಿದ್ದಿದೆ, ಇನ್ನು ಬೇರೆ ಮಾಡೋಕೆ ಬರಲ್ಲ. ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನಲ್ಲಿ ಎಷ್ಟೇ ಬಟನ್ ಒತ್ತಿದರೂ ಬರಲ್ಲ.

ರ‍್ಯಾಂಡಮ್ ಅನ್ನುವ ಪದವೇ ಇಲ್ಲಿ ಮೋಸ ಮಾಡುತ್ತದೆ. ಪುಸ್ತಕದಲ್ಲಿ ಯಾದೃಚ್ಛಿಕ ಅಂತ ಬರೆದಿರುತ್ತಾರೆ, ಅದನ್ನು ಉಚ್ಚರಿಸುವಷ್ಟರಲ್ಲಿ ಅರ್ಥ ಮರೆತುಹೋಗಿರುತ್ತದೆ. ದಿನದ ಮಾತಿನಲ್ಲಿ ರ‍್ಯಾಂಡಮ್ ಅಂದರೆ "ಯೋಚನೆ ಮಾಡದೆ, ಸುಮ್ನೆ" ಅಂತ. ಪ್ರಯೋಗದಲ್ಲಿ ಅದರ ಅರ್ಥ ಹೆಚ್ಚುಕಡಿಮೆ ಉಲ್ಟಾ. ಪ್ರತಿಯೊಬ್ಬರಿಗೂ ಹಾಡಿನ ಗುಂಪಿಗೆ ಹೋಗುವ ಅವಕಾಶ ಎಷ್ಟು ಅಂತ ಮೊದಲೇ ಗೊತ್ತಿರಬೇಕು, ಯಾರು ಎಲ್ಲಿಗೆ ಅಂತ ಮಾತ್ರ ಯಾರಿಗೂ ಗೊತ್ತಿರಬಾರದು. ನಿಮಗೂ ಗೊತ್ತಿರಬಾರದು. ತೀರ್ಮಾನ ನಿಮ್ಮ ಕೈಯಲ್ಲೂ ಇರಬಾರದು, ಬಂದವರ ಕೈಯಲ್ಲೂ ಇರಬಾರದು, ಕಾಲೇಜಿನ ಟೈಮ್ ಟೇಬಲ್ ಕೈಯಲ್ಲೂ ಇರಬಾರದು. ಚೀಟಿಯೋ ನಾಣ್ಯವೋ ಕಂಪ್ಯೂಟರೋ ಮಾಡಬೇಕು. ಸುಮ್ನೆ ಆಗುವುದಲ್ಲ ಇದು, ಕೂತು ಮಾಡಬೇಕಾದ ಕೆಲಸ.

ಈ ಉಪಾಯ ಹಳೆಯದು. ಅಮೆರಿಕದಲ್ಲಿ ಪರ್ಸ್ ಮತ್ತು ಜಾಸ್ಟ್ರೋ ಅಂತ ಇಬ್ಬರು, ತೂಕದಲ್ಲಿ ತೀರಾ ಸಣ್ಣ ವ್ಯತ್ಯಾಸವಾದರೂ ಮನುಷ್ಯನಿಗೆ ಗೊತ್ತಾಗುತ್ತದಾ ಅಂತ ಪರೀಕ್ಷೆ ಮಾಡಿದರು. ಅವರ ಬರಹ ಪ್ರಕಟವಾಗಿದ್ದು 1885ರಲ್ಲಿ. ತೂಕ ಮೊದಲು ಹೆಚ್ಚಿಸಬೇಕಾ, ಮೊದಲು ಕಡಿಮೆ ಮಾಡಬೇಕಾ ಅನ್ನುವುದನ್ನು ಅವರು ತಾವಾಗಿ ತೀರ್ಮಾನಿಸಲಿಲ್ಲ. ಇಸ್ಪೀಟ್ ಕಟ್ಟು ಕಲೆಸಿ, ಕೆಂಪು ಎಲೆ ಬಂತಾ ಕಪ್ಪು ಎಲೆ ಬಂತಾ ನೋಡಿ ಮಾಡಿದರು. ಯಾಕೆ ಗೊತ್ತಾ? ನಾವೇ ಮನಸ್ಸಿಗೆ ಬಂದ ಹಾಗೆ ಕ್ರಮ ಹಾಕಿದರೆ, ಎರಡು ಸಲ ಹೆಚ್ಚು ಬಂದ ಮೇಲೆ "ಈಗ ಕಡಿಮೆ ಇರಲಿ" ಅಂತ ನಮಗೇ ಅನ್ನಿಸುತ್ತದೆ. ಎದುರು ಕೂತವನೂ ಅದನ್ನೇ ಊಹಿಸುತ್ತಾನೆ. ಆಗ ಅವನು ತೂಕ ನೋಡಿ ಹೇಳುತ್ತಿದ್ದಾನೋ ನಿಮ್ಮ ಮನಸ್ಸು ಓದಿ ಹೇಳುತ್ತಿದ್ದಾನೋ ತಿಳಿಯಲ್ಲ. ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕವಡೆ ಕೈಗೆ ಬಂದ ಮೇಲೆ ಗಿರಗಿರ ಮಾಡದೆ ಮೆಲ್ಲಗೆ ಇಟ್ಟರೆ ಪಕ್ಕದವರು ಬಿಡುತ್ತಾರಾ?

(ಹಾಡಿನ ಪ್ರಾಜೆಕ್ಟ್ ಅಂದಿರಿ, ಒಂದು ಮಾತು ನೆನಪಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಗಿದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರಿಂದ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಅಂತ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ. ಮನೋವಿಜ್ಞಾನಕ್ಕೂ ಹಾಡಿಗೂ ನಮ್ಮ ಕಡೆ ನಂಟು ಹಳೆಯದು.)

ಇನ್ನೊಂದು ಗೊಂದಲ ಈಗಲೇ ಬಿಡಿಸಿಕೊಳ್ಳಿ, ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಯಾರನ್ನು ಪ್ರಯೋಗಕ್ಕೆ ಕರೆಯುವುದು ಅನ್ನುವುದು ಬೇರೆ, ಕರೆದವರನ್ನು ಯಾವ ಗುಂಪಿಗೆ ಹಾಕುವುದು ಅನ್ನುವುದು ಬೇರೆ. ಮೊದಲನೆಯದು ಸ್ಯಾಂಪ್ಲಿಂಗ್, ಎರಡನೆಯದು ಹಂಚಿಕೆ. ನಿಮ್ಮ 40 ಜನ ಒಂದೇ ಕಾಲೇಜಿನವರು, ಕೈಗೆ ಸಿಕ್ಕವರು. ಅವರಿಂದ ಕರ್ನಾಟಕದ ಎಲ್ಲಾ ವಿದ್ಯಾರ್ಥಿಗಳ ಬಗ್ಗೆ ಹೇಳೋಕೆ ಹೋಗಬೇಡಿ. ಆದರೆ ಆ 40 ಜನರನ್ನೇ ಸರಿಯಾಗಿ ಚೀಟಿ ಎತ್ತಿ ಹಂಚಿದ್ದರೆ, "ಇವರಲ್ಲಿ ಈ ವ್ಯತ್ಯಾಸ ಹಾಡಿನಿಂದಲೇ ಬಂತು" ಅನ್ನುವ ಧೈರ್ಯ ಸಿಗುತ್ತದೆ. ಒಂದಿಲ್ಲ ಅಂದ ಮಾತ್ರಕ್ಕೆ ಇನ್ನೊಂದೂ ಬೇಡ ಅಂತಲ್ಲ.

ಈಗ ಗದ್ದೆಗೆ ಇಳಿಯೋಣ. ನೀವು ಮಂಡ್ಯದವರು, ನಿಮಗೆ ಗದ್ದೆಯ ಉದಾಹರಣೆಯಷ್ಟು ಬೇಗ ಬೇರೆ ಯಾವುದೂ ತಲೆಗೆ ಹೋಗಲ್ಲ. ವಿ.ಸಿ. ಫಾರ್ಮಿನಂಥ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಸ ಭತ್ತದ ತಳಿ ಪರೀಕ್ಷೆ ಮಾಡಬೇಕು ಅಂದುಕೊಳ್ಳಿ. ಹಳೇ ತಳಿಯನ್ನು ತೂಬಿನ ಪಕ್ಕದ ತಾಕಿಗೆ, ಹೊಸ ತಳಿಯನ್ನು ನಾಲೆಯ ಕೊನೆ ಭಾಗದ ತಾಕಿಗೆ ಹಾಕಿದರೆ ಯಾವ ರೈತ ಒಪ್ಪುತ್ತಾನೆ? ಕೊನೆ ಭಾಗಕ್ಕೆ ನೀರು ಬರುವುದು ಯಾವಾಗ, ಬಂದರೂ ಎಷ್ಟು! ಬೆಳಿಗ್ಗೆ-ಮಧ್ಯಾಹ್ನ ಹಂಚಿ ನೀವು ಮಾಡಿದ್ದು ಇದನ್ನೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ತಲೆ ಕೆಡಿಸಿಕೊಂಡಿದ್ದೂ ಇದೇ ವಿಷಯಕ್ಕೆ. ಮಣ್ಣು, ತೇವ, ಇಳಿಜಾರು, ಹಿಂದಿನ ಬೆಳೆ, ಇಲಿ ಕಾಟ, ಹೀಗೆ ಒಂದು ತಾಕಿಗೂ ಇನ್ನೊಂದಕ್ಕೂ ವ್ಯತ್ಯಾಸ ಸಾವಿರ. ಎಲ್ಲವನ್ನೂ ಪಟ್ಟಿ ಮಾಡಿ ಸರಿದೂಗಿಸುತ್ತೇನೆ ಅಂದರೆ ಆಗುವ ಮಾತಲ್ಲ. ಗೊತ್ತಿರುವ ವ್ಯತ್ಯಾಸಕ್ಕೆ ಬ್ಲಾಕ್ ಮಾಡು, ಅಂದರೆ ತೂಬಿನ ಹತ್ತಿರದ ತಾಕುಗಳು ಒಂದು ಬ್ಲಾಕ್, ಕೊನೆ ಭಾಗದ್ದು ಇನ್ನೊಂದು ಬ್ಲಾಕ್. ಪ್ರತಿ ಬ್ಲಾಕಿನಲ್ಲೂ ಎರಡೂ ತಳಿ ಇರಲಿ. ಆ ಬ್ಲಾಕಿನ ಒಳಗೆ ಯಾವ ತಾಕಿಗೆ ಯಾವ ತಳಿ ಅನ್ನುವುದನ್ನು ಮಾತ್ರ ಅದೃಷ್ಟಕ್ಕೆ ಬಿಡು. ಗೊತ್ತಿಲ್ಲದ ಸಾವಿರ ವ್ಯತ್ಯಾಸಗಳನ್ನು ಚೀಟಿ ನೋಡಿಕೊಳ್ಳುತ್ತದೆ.

ನೋಡಿಕೊಳ್ಳುತ್ತದೆ ಅಂದರೆ ಎರಡೂ ಗುಂಪು ಪಕ್ಕಾ ಸಮವಾಗಿಬಿಡುತ್ತವೆ ಅಂತ ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಅಸಮ ಎಷ್ಟು ಆಗಬಹುದು ಅಂತ ಲೆಕ್ಕ ಹಾಕುವ ಹಕ್ಕು ಚೀಟಿಯಿಂದ ಸಿಗುತ್ತದೆ, ಅಷ್ಟೇ. 1935ರಲ್ಲಿ ಬಂದ ಪ್ರಯೋಗ ವಿನ್ಯಾಸದ ಪುಸ್ತಕದಲ್ಲಿ ಫಿಶರ್ ಒಂದು ಟೀ ಕಥೆಯಿಂದ ಇದನ್ನು ವಿವರಿಸುತ್ತಾರೆ. ಒಬ್ಬ ಹೆಂಗಸು, ಕಪ್ಪಿಗೆ ಹಾಲು ಮೊದಲು ಹಾಕಿದ್ದಾ ಟೀ ಮೊದಲು ಹಾಕಿದ್ದಾ ಅಂತ ಕುಡಿದೇ ಹೇಳಬಲ್ಲೆ ಅಂದರು. ನಮ್ಮ ಮೈಸೂರಿನಲ್ಲಾದರೆ ಡಿಕಾಕ್ಷನ್ ಮೊದಲಾ ಹಾಲು ಮೊದಲಾ ಅಂತ ಜಗಳ ಆಗುತ್ತಿತ್ತು. ಎಂಟು ಕಪ್ಪು ಮಾಡಿದರು, ನಾಲ್ಕು ಹೀಗೆ, ನಾಲ್ಕು ಹಾಗೆ. ಕಪ್ಪುಗಳನ್ನು ಕೊಡುವ ಕ್ರಮ ಮಾತ್ರ ಅದೃಷ್ಟದ್ದು. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿ 70. ಏನೂ ಗೊತ್ತಿಲ್ಲದೆ ಸುಮ್ನೆ ಊಹಿಸಿದರೆ ಪೂರ್ತಿ ಸರಿಯಾಗುವ ಅವಕಾಶ 70ರಲ್ಲಿ ಒಂದು. ಈ 70 ಎಲ್ಲಿಂದ ಬಂತು? ಕ್ರಮವನ್ನು ಕಲೆಸಿದ್ದರಿಂದ ಬಂತು. ಅಡುಗೆಯವಳು ತನಗೆ ಅನುಕೂಲವಾದ ಹಾಗೆ, ಮೊದಲು ನಾಲ್ಕು ಇದು ಆಮೇಲೆ ನಾಲ್ಕು ಅದು ಅಂತ ಕೊಟ್ಟಿದ್ದರೆ ಆ 70ಕ್ಕೆ ಬೆಲೆಯೇ ಇಲ್ಲ.

ನಿಮ್ಮ ಪ್ರಯೋಗದಲ್ಲೂ ಅಷ್ಟೇ. 40 ಜನರಲ್ಲಿ 20 ಜನರನ್ನು ಹಾಡಿನ ಗುಂಪಿಗೆ ಹಾಕುವ ದಾರಿಗಳು 13,784 ಕೋಟಿಗೂ ಜಾಸ್ತಿ. ಚೀಟಿ ಎತ್ತಿದ್ದರೆ ನಿಮಗೆ ಸಿಕ್ಕಿದ ಹಂಚಿಕೆ ಅಷ್ಟರಲ್ಲಿ ಒಂದು. ಹಾಡಿನಿಂದ ಏನೂ ಆಗದಿದ್ದರೂ ಇಷ್ಟೋ ಇದಕ್ಕಿಂತ ಜಾಸ್ತಿಯೋ ವ್ಯತ್ಯಾಸ ಬರುವ ಹಂಚಿಕೆಗಳು ಅಷ್ಟರಲ್ಲಿ ಎಷ್ಟು ಪಾಲು ಅಂತ ಕೇಳಬಹುದು. ಪಿ ಬೆಲೆ, ಪಿ ಬೆಲೆ ಅಂತ ಎಲ್ಲರೂ ಬಡಿದುಕೊಳ್ಳುತ್ತೇವಲ್ಲ, ನಿಮ್ಮಂಥ ಪ್ರಯೋಗದಲ್ಲಿ ಅದರ ಬೇರು ಇದು. ಬೆಳಿಗ್ಗೆ-ಮಧ್ಯಾಹ್ನ ಹಂಚಿದಾಗ ದಾರಿ ಒಂದೇ ಇತ್ತು. ಲೆಕ್ಕ ಹಾಕೋಕೆ ಏನೂ ಉಳಿಯಲಿಲ್ಲ.

ಚೀಟಿಗೆ ಬಿಟ್ಟ ಮೇಲೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಕಥೆ ಒಂದಿದೆ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಟ್ಟು, ಬೆಳವಣಿಗೆ ಜಾಸ್ತಿಯಾಗುತ್ತದಾ ನೋಡಿದರು. 67 ಶಾಲೆ, ಸುಮಾರು 20,000 ಮಕ್ಕಳು. 10,000 ಮಕ್ಕಳಿಗೆ ಹಾಲು, ಉಳಿದವರಿಗೆ ಇಲ್ಲ. ಯಾರಿಗೆ ಹಾಲು ಅಂತ ಚೀಟಿ ಎತ್ತಿಯೋ ಹೆಸರಿನ ಅಕ್ಷರ ನೋಡಿಯೋ ಹಂಚಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಒಂದು ಗುಂಪಿನಲ್ಲಿ ಚೆನ್ನಾಗಿ ಉಂಡು ಬೆಳೆದ ಮಕ್ಕಳೋ ಸೊರಗಿದ ಮಕ್ಕಳೋ ಜಾಸ್ತಿಯಾದರೆ, ಸರಿದೂಗಿಸಲು ಕೆಲವರನ್ನು ಬದಲಾಯಿಸಬಹುದು ಅಂತ ಮೇಷ್ಟ್ರುಗಳಿಗೆ ಬಿಟ್ಟರು. ಅವರು ಏನು ಮಾಡಿರುತ್ತಾರೆ ಹೇಳಿ? ಬಡ ಮಗು, ಸಣಕಲು ಮಗು ಕಣ್ಣೆದುರಿಗೇ ಇರುವಾಗ, ಲೋಟ ಹಾಲು ಯಾರ ಕಡೆ ಹೋಗುತ್ತದೆ? ಕೊನೆಗೆ ಹಾಲಿಲ್ಲದ ಗುಂಪಿನ ಮಕ್ಕಳೇ ಶುರುವಿನಲ್ಲೇ ಹೆಚ್ಚು ಎತ್ತರ, ಹೆಚ್ಚು ತೂಕ. 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಗಾಸೆಟ್, ಎರಡು ಗುಂಪಿನ ಸರಾಸರಿ ಹೋಲಿಸಲು ನೀವು ದಿನಾ ಮಾಡುವ ಟಿ ಟೆಸ್ಟಿನ ಮೂಲಪುರುಷ, 1931ರಲ್ಲಿ ಈ ಪ್ರಯೋಗವನ್ನು ಬಿಡಿಸಿ ನೋಡಿದರು. ಇಷ್ಟು ಖರ್ಚಿನ 20,000 ಮಕ್ಕಳಿಗಿಂತ 50 ಜೊತೆ ತದ್ರೂಪಿ ಅವಳಿಗಳನ್ನು ತಗೊಂಡು, ಪ್ರತಿ ಜೊತೆಯಲ್ಲಿ ಯಾರಿಗೆ ಹಾಲು ಅಂತ ಟಾಸ್ ಹಾಕಿದ್ದರೆ ಇನ್ನೂ ನಂಬುವಂಥ ಉತ್ತರ ಸಿಗುತ್ತಿತ್ತು ಅಂದರು. ಆ ಮೇಷ್ಟ್ರುಗಳನ್ನು ನನಗೆ ಬೈಯೋಕೆ ಮನಸ್ಸು ಬರಲ್ಲ. ನಮ್ಮ ಮಂಡ್ಯದ ಯಾವುದೇ ಶಾಲೆಯಲ್ಲಿ ಹಾಲು ಬಡಿಸುವ ಅಕ್ಕನಾದರೂ ಅದನ್ನೇ ಮಾಡುತ್ತಿದ್ದರು.

ಈಗ ನನ್ನ ಕಥೆ. ಓದುವಾಗ ನಾನು ಮಾಡಿದ ಪ್ರಯೋಗದಲ್ಲಿ ಅರ್ಧ ಜನ ಎಲ್ಲರೆದುರು ನಿಂತು ಗಟ್ಟಿಯಾಗಿ ಲೆಕ್ಕ ಮಾಡಬೇಕಿತ್ತು, ಇನ್ನರ್ಧ ಜನ ಒಬ್ಬರೇ ಕೂತು ಮಾಡಬೇಕಿತ್ತು. ಒಬ್ಬೊಬ್ಬರು ಬಂದ ಹಾಗೆ ನಾಣ್ಯ ಚಿಮ್ಮುತ್ತಿದ್ದೆ. ಒಂದು ಹುಡುಗಿ ಬಂದಳು, ಬಾಗಿಲಲ್ಲೇ ಬೆವೆತಿದ್ದಳು. ನಾಣ್ಯ ನೋಡಿದೆ, "ಎಲ್ಲರೆದುರು" ಅಂತ ಬಂತು. ಪಾಪ ಅನ್ನಿಸಿತು. ನಾಣ್ಯ ಸರಿಯಾಗಿ ಬೀಳಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಇನ್ನೊಂದು ಸಲ ಚಿಮ್ಮಿದೆ. ಅದಾದ ಮೇಲೆ ಇನ್ನಿಬ್ಬರಿಗೂ ಹಾಗೇ ಮಾಡಿದೆ. ನನ್ನ ಗೈಡ್ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು, "ಒಬ್ಬೊಬ್ಬರಿಗೆ ಎಷ್ಟು ಸಲ ಟಾಸ್ ಹಾಕಿದೆಯಮ್ಮ?" ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಧೈರ್ಯವಂತರೆಲ್ಲ ಒಂದು ಕಡೆ, ಅಂಜುಬುರುಕರೆಲ್ಲ ಇನ್ನೊಂದು ಕಡೆ ಆಗಿತ್ತು. ಪೂರ್ತಿ ಮತ್ತೆ ಮಾಡಿದೆ.

ಅದಕ್ಕೇ ರೋಲ್ ನಂಬರ್ ಸಮ-ಬೆಸ ಬೇಡ ಅನ್ನುತ್ತೇನೆ. ಸಮ ನಂಬರಿನವರು ಬುದ್ಧಿವಂತರು, ಬೆಸ ನಂಬರಿನವರು ದಡ್ಡರು ಅಂತೇನೂ ಇರಲ್ಲ, ನಿಜ. ಮುಂದೆ ಬರುವವರು ಯಾವ ಗುಂಪಿಗೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದಲ್ಲ, ತೊಂದರೆ ಅಲ್ಲಿ. "ಅವನು 17, ಹಾಡಿನ ಗುಂಪು, ಇವತ್ತು ಅವನಿಗೆ ಜ್ವರ ಇದ್ದ ಹಾಗಿದೆ, ನಾಳೆ ಕರೆಯೋಣ" ಅಂತ ಶುರುವಾಗುತ್ತದೆ. ಒಬ್ಬರು ಬಿಟ್ಟು ಒಬ್ಬರು ಅನ್ನುವ ಸರದಿ ಹಂಚಿಕೆಗೂ ಇದೇ ರೋಗ. ವೈದ್ಯಕೀಯದಲ್ಲಿ ಇದನ್ನು ಕಟ್ಟಿಹಾಕಿದ ಪ್ರಸಿದ್ಧ ಪ್ರಯೋಗ 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದಾ ಅಂತ 107 ರೋಗಿಗಳಲ್ಲಿ ನೋಡಿದರು, 55 ಜನರಿಗೆ ಔಷಧಿ, 52 ಜನರಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ರ‍್ಯಾಂಡಮ್ ಸಂಖ್ಯೆಗಳಿಂದ ಹಂಚಿಕೆ ತಯಾರಿಸಿ ಲಕೋಟೆಗಳಲ್ಲಿ ಮುಚ್ಚಿಟ್ಟರು. ರೋಗಿಯನ್ನು ಸೇರಿಸಿಕೊಳ್ಳುವುದು ಪಕ್ಕಾ ಆದ ಮೇಲಷ್ಟೇ ಲಕೋಟೆ ಒಡೆಯುವುದು. ಚೀಟಿ ಎತ್ತಿದರೆ ಅರ್ಧ ಕೆಲಸ, ಅದನ್ನು ಮುಚ್ಚಿಟ್ಟರೆ ಪೂರ್ತಿ.

ಹಾಗಾದರೆ ನಾಣ್ಯ ಚಿಮ್ಮಿದರೆ ಸಾಕಾ? ದೊಡ್ಡ ಪ್ರಯೋಗಕ್ಕೆ ಸಾಕು, ಸಣ್ಣದಕ್ಕೆ ಕಷ್ಟ. 20 ಜನರಿಗೆ ಒಬ್ಬೊಬ್ಬರಿಗೂ ನಾಣ್ಯ ಚಿಮ್ಮಿದರೆ ಸರಿಯಾಗಿ 10-10 ಬರುವ ಅವಕಾಶ 100ಕ್ಕೆ 18ರಷ್ಟೂ ಇಲ್ಲ. ಗುಂಪು 13-7 ಆಯಿತು ಅಂತ ನನಗೆ ಫೋನ್ ಮಾಡಿ ಅತ್ತವರಿದ್ದಾರೆ. 40 ಜನಕ್ಕೆ ಸುಲಭದ ದಾರಿ ಅಂದರೆ 20 ಚೀಟಿಯಲ್ಲಿ 'ಹಾಡು', 20 ಚೀಟಿಯಲ್ಲಿ 'ಮೌನ' ಅಂತ ಬರೆದು, ಒಂದೇ ಥರ ಮಡಚಿ, ಡಬ್ಬಿಗೆ ಹಾಕಿ ಕಲೆಸಿ ಎತ್ತುವುದು. ಆದರೆ ಚೆನ್ನಾಗಿ ಕಲೆಸಿ, ಕಾಟಾಚಾರಕ್ಕೆ ಅಲ್ಲಾಡಿಸಬೇಡಿ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೇನೆಗೆ ಯುವಕರನ್ನು ಕರೆಯಲು ಹುಟ್ಟಿದ ದಿನಗಳ ಲಾಟರಿ ಎತ್ತಿದರು. ಒಂದೊಂದು ದಿನಾಂಕದ ಚೀಟಿ ಇದ್ದ 366 ಪುಟ್ಟ ಡಬ್ಬಿಗಳನ್ನು ತಿಂಗಳಿನ ಪ್ರಕಾರ ಹಾಕಿದ್ದರು, ಸರಿಯಾಗಿ ಕಲೆಸಲಿಲ್ಲ. ವರ್ಷದ ಕೊನೆ ತಿಂಗಳುಗಳಲ್ಲಿ ಹುಟ್ಟಿದವರ ದಿನಗಳು ಜಾಸ್ತಿ ಬೇಗ ಬಂದವು. ಡಿಸೆಂಬರಿನಲ್ಲಿ ಹುಟ್ಟಿದ್ದೇ ತಪ್ಪಾಯಿತು! ಚೀಟಿಯ ರಗಳೆ ಬೇಡ ಅಂದರೆ ಎಕ್ಸೆಲ್‌ನಲ್ಲಿ 20 ಸಾಲು 'ಹಾಡು', 20 ಸಾಲು 'ಮೌನ' ಅಂತ ಬರೆದು, ಪಕ್ಕದಲ್ಲಿ ರ‍್ಯಾಂಡ್ ಫಂಕ್ಷನ್ ಹಾಕಿ, ಆ ಸಂಖ್ಯೆಗಳು ಮತ್ತೆ ಬದಲಾಗದ ಹಾಗೆ ಗಟ್ಟಿ ಮಾಡಿಕೊಂಡು, ಅದರ ಪ್ರಕಾರ ಸಾಲುಗಳನ್ನು ಜೋಡಿಸಿ. ಒಂದೇ ಸಲ. ಹಂಚಿಕೆ ಇಷ್ಟವಾಗಲಿಲ್ಲ ಅಂತ ಮತ್ತೆ ಜೋಡಿಸಿದರೆ ನನ್ನ ನಾಣ್ಯದ ಕಥೆಯೇ.

ನಿಮಗೆ ನಾನು ಹೇಳುವುದು ನಾಲ್ಕರ ಬ್ಲಾಕ್. ಬರುವ ಪ್ರತಿ ನಾಲ್ಕು ಜನರಲ್ಲಿ ಇಬ್ಬರಿಗೆ ಹಾಡು, ಇಬ್ಬರಿಗೆ ಮೌನ. ನಾಲ್ವರನ್ನು ಹೀಗೆ ಜೋಡಿಸುವ ಕ್ರಮ ಆರೇ ಆರು. ದಾಳ ಹಾಕಿದರೆ ಮುಗಿಯಿತು, ಆರು ಮುಖಕ್ಕೆ ಆರು ಕ್ರಮ. ಹತ್ತು ಸಲ ದಾಳ, 40 ಜನರ ಹಂಚಿಕೆ ತಯಾರು. ಇದರ ಲಾಭ ಏನೆಂದರೆ ಬೆಳಿಗ್ಗೆ ಬಂದವರಲ್ಲೂ ಎರಡೂ ಗುಂಪು ಹೆಚ್ಚುಕಡಿಮೆ ಸಮ, ಮಧ್ಯಾಹ್ನದವರಲ್ಲೂ ಸಮ. ನಡುವೆ ಇಂಟರ್ನಲ್ಸ್ ಬಂದು 28 ಜನಕ್ಕೇ ನಿಂತುಹೋದರೂ 14-14 ಇರುತ್ತದೆ. ತೂಬಿನ ಹತ್ತಿರದ ತಾಕು, ಕೊನೆ ಭಾಗದ ತಾಕು ಅಂದೆನಲ್ಲ, ಅದೇ ಇದು. ಒಂದೇ ಎಚ್ಚರ: ನಾಲ್ಕರ ಬ್ಲಾಕ್ ಅಂತ ನಿಮಗೆ ಗೊತ್ತಿದ್ದರೆ ಮೂರು ಜನ ಆದ ಮೇಲೆ ನಾಲ್ಕನೆಯದು ಏನು ಅಂತ ಊಹೆ ಬೇಕಿಲ್ಲ, ಗೊತ್ತೇ ಆಗುತ್ತದೆ. ಅದಕ್ಕೆ ದಾಳ ಹಾಕುವ ಕೆಲಸ ಗೆಳತಿಗೆ ಕೊಡಿ. ನಡುವೆ ಎಲ್ಲೋ ಆರರ ಬ್ಲಾಕನ್ನೂ ಸೇರಿಸಲಿ, ಎಲ್ಲಿ ಅಂತ ನಿಮಗೆ ಹೇಳದಿರಲಿ. ಆರರ ಬ್ಲಾಕಿಗೆ ದಾಳ ಸಾಲದು, ಮೂರು-ಮೂರು ಚೀಟಿ ಕಲೆಸಲಿ.

ಮೊದಲೇ ಒಂದು ಸಣ್ಣ ನೆನಪಿನ ಪರೀಕ್ಷೆ ಮಾಡಿ, ಅಂಕ ಹತ್ತಿರ ಇರುವವರನ್ನು ಜೋಡಿ ಮಾಡಿ ಹಂಚುವುದೂ ಇದೆ. ಜನ ಕಡಿಮೆ ಇದ್ದಾಗ ಒಳ್ಳೆಯದು. ಗಾಸೆಟ್ ಅವಳಿ ಮಕ್ಕಳು ಅಂದಿದ್ದು ಇದನ್ನೇ. ಆದರೆ ಜೋಡಿ ಮಾಡಿದ ಮೇಲೂ ಇಬ್ಬರಲ್ಲಿ ಯಾರಿಗೆ ಹಾಡು ಅಂತ ಟಾಸ್ ಹಾಕಲೇಬೇಕು. ಜೋಡಿ ಮಾಡಿ ಟಾಸ್ ಬಿಟ್ಟರೆ ಪ್ರಯೋಜನವಿಲ್ಲ. ಗಂಡು-ಹೆಣ್ಣು, ಕನ್ನಡ ಮೀಡಿಯಂ-ಇಂಗ್ಲಿಷ್ ಮೀಡಿಯಂ, ಹಳ್ಳಿ-ಪಟ್ಟಣ, ಇವುಗಳಿಗೆ ಯಾರನ್ನೂ ಹಂಚೋಕೆ ಆಗಲ್ಲ, ಅವರು ಹಾಗೇ ಬಂದಿರುತ್ತಾರೆ. ಅವನ್ನು ಹೋಲಿಸಬಹುದು, "ಇದರಿಂದಲೇ ಅದು ಆಯಿತು" ಅನ್ನೋಕೆ ಆಗಲ್ಲ. ಅಷ್ಟು ಸಾಕು ಇದಕ್ಕೆ.

ಈಗ ನಿಮ್ಮ ಮೂರನೇ ಪ್ರಶ್ನೆ. ಎಲ್ಲರಿಗೂ ಎರಡೂ ಮಾಡಿಸಿದರೆ ಆಗಲ್ವಾ? ಆಗುತ್ತದೆ, ನಿಮ್ಮ ವಿಷಯಕ್ಕೆ ಬಹಳ ಚೆನ್ನಾಗಿಯೇ ಆಗುತ್ತದೆ. ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸುತ್ತೀರಿ. ಬಸ್ಸಿನಲ್ಲಿ ಬಂದವನನ್ನು ಬಸ್ಸಿನಲ್ಲಿ ಬಂದ ಅವನ ಜೊತೆಗೇ. ಆದರೆ ತಲೆನೋವು ಹೋಗಲ್ಲ, ಜಾಗ ಬದಲಾಯಿಸುತ್ತದೆ. ಯಾರಿಗೆ ಯಾವುದು ಅನ್ನುವ ಪ್ರಶ್ನೆ ಹೋಗಿ ಯಾರಿಗೆ ಯಾವುದು ಮೊದಲು ಅನ್ನುವ ಪ್ರಶ್ನೆ ಬರುತ್ತದೆ. ಎಲ್ಲರಿಗೂ ಮೌನ ಮೊದಲು, ಹಾಡು ಆಮೇಲೆ ಅಂತ ಮಾಡಿದರೆ, ಎರಡನೇ ಸಲಕ್ಕೆ ಕೈ ಪಳಗಿರುತ್ತದೆ, ಇಲ್ಲಾ ಸುಸ್ತಾಗಿರುತ್ತದೆ. ಹಾಡಿನ ಪರಿಣಾಮ ಅಂತ ನೀವು ಬರೆಯುವುದು ಸುಸ್ತಿನ ಪರಿಣಾಮ ಇರಬಹುದು. ಅದಕ್ಕೆ ಅರ್ಧ ಜನಕ್ಕೆ ಹಾಡು ಮೊದಲು, ಅರ್ಧ ಜನಕ್ಕೆ ಮೌನ ಮೊದಲು. ಕೌಂಟರ್‌ಬ್ಯಾಲೆನ್ಸಿಂಗ್ ಅಂದರೆ ಇಷ್ಟೇ. ಒಂದೇ ಪದಪಟ್ಟಿ ಎರಡು ಸಲ ಕೊಡುವ ಹಾಗಿಲ್ಲ, ಎರಡು ಪಟ್ಟಿ ಬೇಕು. ಒಂದು ಪಟ್ಟಿ ಇನ್ನೊಂದಕ್ಕಿಂತ ಸುಲಭ ಇದ್ದರೆ? ಅದನ್ನೂ ತಿರುಗಿಸಿ. ಹಾಡಿಗೆ ಕೆಲವರಿಗೆ ಮೊದಲ ಪಟ್ಟಿ, ಕೆಲವರಿಗೆ ಎರಡನೇ ಪಟ್ಟಿ. ಎರಡು ಕ್ರಮ, ಎರಡು ಜೋಡಣೆ, ಒಟ್ಟು ನಾಲ್ಕು ಥರ, ಒಂದೊಂದಕ್ಕೆ 10 ಜನ. ಯಾವ 10 ಜನ ಅನ್ನುವುದಕ್ಕೆ ಮತ್ತೆ ಚೀಟಿಯೇ. ಇಲ್ಲಿ ಮೈಮರೆತು ಮೊದಲ 10 ಜನಕ್ಕೆ ಒಂದು ಥರ, ಮುಂದಿನ 10 ಜನಕ್ಕೆ ಇನ್ನೊಂದು ಥರ ಅಂತ ಮಾಡಿಬಿಡಬೇಡಿ, ಮತ್ತೆ ಬೆಳಿಗ್ಗೆ-ಮಧ್ಯಾಹ್ನಕ್ಕೇ ಬರುತ್ತೀರಿ.

ಕಂಡಿಷನ್, ಅಂದರೆ ಹಾಡು, ಮೌನ ಥರದ ಸ್ಥಿತಿಗಳು, ಜಾಸ್ತಿಯಾದ ಹಾಗೆ ಕ್ರಮಗಳು ಕೈಮೀರುತ್ತವೆ. ಮೂರಕ್ಕೆ 6, ನಾಲ್ಕಕ್ಕೆ 24, ಐದಕ್ಕೆ 120. ಎಲ್ಲಾ ಕ್ರಮ ಮಾಡಿಸೋಕೆ ಆಗದಿದ್ದಾಗ ಲ್ಯಾಟಿನ್ ಚೌಕ. ನಾಲ್ಕು ಕಂಡಿಷನ್‌ಗೆ ನಾಲ್ಕೇ ಕ್ರಮ, ಪ್ರತಿ ಕಂಡಿಷನ್ ಪ್ರತಿ ಜಾಗದಲ್ಲಿ ಒಂದು ಸಲ ಬರುತ್ತದೆ. ಆದರೆ ಸುಮ್ನೆ ಒಂದೊಂದು ಮನೆ ಜರುಗಿಸಿ ಮಾಡಿದ ಚೌಕದಲ್ಲಿ ಒಂದು ಹುಳುಕಿದೆ: ಅ-ಬ-ಕ-ಡ, ಬ-ಕ-ಡ-ಅ ಹೀಗೆ ಹೋದರೆ 'ಬ'ಗೆ ಮುಂಚೆ ಏನಾದರೂ ಬಂದರೆ ಅದು 'ಅ' ಒಂದೇ. 1949ರಲ್ಲಿ ವಿಲಿಯಮ್ಸ್ ಎಂಬ ಸಂಖ್ಯಾಶಾಸ್ತ್ರಜ್ಞ ಇದನ್ನು ಸರಿಪಡಿಸಿದ ಚೌಕ ಕೊಟ್ಟರು. ಅ-ಬ-ಡ-ಕ, ಬ-ಕ-ಅ-ಡ, ಕ-ಡ-ಬ-ಅ, ಡ-ಅ-ಕ-ಬ. ಬರೆದು ನೋಡಿ, ಯಾವ ಜೋಡಿಯೂ ಎರಡು ಸಲ ಅಕ್ಕಪಕ್ಕ ಅದೇ ಕ್ರಮದಲ್ಲಿ ಬರಲ್ಲ. ನಿಮಗೆ ಇರುವುದು ಎರಡೇ ಕಂಡಿಷನ್, ನಿಮಗಿದು ಬೇಕಿಲ್ಲ. ಆದರೂ ನೋಡೋಕೆ ಚಂದ ಅಂತ ಬರೆದೆ.

ಕ್ರಮ ತಿರುಗಿಸಿದರೂ ಸರಿಹೋಗದ ಒಂದು ಜಾತಿ ಇದೆ. ಮೈಸೂರು ಪಾಕ್ ತಿಂದು ಕಾಫಿ ಕುಡಿದರೆ ಕಾಫಿ ಚಪ್ಪೆ. ಕಾಫಿ ಕುಡಿದು ಮೈಸೂರು ಪಾಕ್ ತಿಂದರೆ ಪಾಕಿನ ರುಚಿಗೆ ಏನೂ ಆಗಲ್ಲ. ಒಂದು ಕಡೆಯಿಂದ ಮಾತ್ರ ಅಂಟಿಕೊಳ್ಳುವ ಪರಿಣಾಮ ಇದು, ಅರ್ಧ ಜನಕ್ಕೆ ತಿರುಗಿಸಿ ಕೊಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ. ನೆನಪಿನ ತಂತ್ರ ಕಲಿಸುವ ಪ್ರಯೋಗವಾಗಿದ್ದರೆ ಎಲ್ಲರಿಗೂ ಎರಡೂ ಮಾಡಿಸಬೇಡಿ ಅನ್ನುತ್ತಿದ್ದೆ. ಕಲಿಸಿದ ತಂತ್ರವನ್ನು ವಾಪಸ್ ತಗೊಳ್ಳೋಕೆ ಆಗಲ್ಲವಲ್ಲ. ಹಾಡು ನಿಲ್ಲಿಸಿದರೆ ನಿಲ್ಲುತ್ತದೆ, ಹತ್ತು ನಿಮಿಷ ಬಿಡುವು ಕೊಟ್ಟರೆ ಸಾಕಾದೀತು. ಗುನುಗುವ ಹಾಡು ಮಾತ್ರ ಹಾಕಬೇಡಿ, ತಲೆಯಲ್ಲಿ ಅದು ಸಂಜೆವರೆಗೂ ಓಡುತ್ತಿರುತ್ತದೆ.

ಹಂಚಿದ ಮೇಲೆ ಒಂದು ಗುಂಪಿನಲ್ಲಿ ಹುಡುಗಿಯರು ಜಾಸ್ತಿ ಬಂದರೆ ಗಾಬರಿಯಾಗಬೇಡಿ. ಎರಡು ಗುಂಪಿನ ವಯಸ್ಸಿಗೂ ಅಂಕಕ್ಕೂ ಟಿ ಟೆಸ್ಟ್ ಮಾಡಿ "ವ್ಯತ್ಯಾಸವಿಲ್ಲ" ಅಂತ ಬರೆಯುವ ಒಂದು ಸಂಪ್ರದಾಯ ಇದೆ, ನನಗೆ ಅದು ಹಿಡಿಸಲ್ಲ. ಸರಿಯಾಗಿ ಚೀಟಿ ಎತ್ತಿದ್ದರೆ ಬಂದ ವ್ಯತ್ಯಾಸ ಅದೃಷ್ಟದ್ದೇ ಅಂತ ನಿಮಗೆ ಮೊದಲೇ ಗೊತ್ತು, ಅದನ್ನು ಮತ್ತೆ ಟೆಸ್ಟಿಗೆ ಕೇಳುವುದೇನು? ಕೋಷ್ಟಕದಲ್ಲಿ ಸಂಖ್ಯೆ ಕೊಡಿ, ಸಾಕು. ಮಧ್ಯದಲ್ಲಿ ಎದ್ದು ಹೋದವರು ಎಷ್ಟು, ಯಾವ ಗುಂಪಿನವರು ಅಂತ ಮಾತ್ರ ತಪ್ಪದೆ ಬರೆಯಿರಿ. ಹಾಡು ಕಿರಿಕಿರಿಯಾಗಿ ಐದು ಜನ ಎದ್ದು ಹೋಗಿ, ತಡೆದುಕೊಂಡವರು ಮಾತ್ರ ಉಳಿದರೆ, ನೀವು ಎತ್ತಿದ ಚೀಟಿಯ ಮೇಲೆ ಅವರು ಇನ್ನೊಂದು ಆಯ್ಕೆ ಮಾಡಿದ ಹಾಗಾಯಿತು.

ಈಗಾಗಲೇ ಮಾಡಿದ 40 ಜನರ ಹಾಳೆ ಎಸೆಯಬೇಡಿ. ಅದನ್ನು ಪೈಲಟ್ (ಮುಂಚಿನ ತಾಲೀಮು ಪ್ರಯೋಗ) ಅಂತ ಕರೆದು, ಬೆಳಿಗ್ಗೆ-ಮಧ್ಯಾಹ್ನ ಹಂಚಿದ್ದು ಅಂತ ಇದ್ದದ್ದನ್ನು ಇದ್ದ ಹಾಗೆ ಒಂದು ಪ್ಯಾರಾ ಬರೆಯಿರಿ. ಪಟ್ಟಿಯಲ್ಲಿ ಯಾವ ಪದ ತೀರಾ ಸುಲಭ, ಎಷ್ಟು ಹೊತ್ತು ಬೇಕು ಅನ್ನುವುದೆಲ್ಲ ಅದರಿಂದ ಸಿಗುತ್ತದೆ. ಹೊಸದಾಗಿ 40 ಜನರನ್ನು ಹುಡುಕಿ, ಹಳಬರು ಬೇಡ, ಅವರಿಗೆ ಪಟ್ಟಿ ಗೊತ್ತು. ಎಲ್ಲರಿಗೂ ಹೆಡ್‌ಫೋನ್ ಹಾಕಿಸಿ, ಮೌನದವರಿಗೂ. ಫೋನಿನಲ್ಲಿ ಫೈಲ್ 1, ಫೈಲ್ 2 ಅಂತ ಇರಲಿ, ಯಾವುದರಲ್ಲಿ ಹಾಡಿದೆ ಅಂತ ಗೆಳತಿಗೆ ಮಾತ್ರ ಗೊತ್ತಿರಲಿ. ಗೆಳತಿ ಮುಚ್ಚಿ ಕೊಡುವ ಲಕೋಟೆಯಲ್ಲಿ ಬರುವುದು ಫೈಲ್ ನಂಬರ್ ಅಷ್ಟೇ. ಎರಡೂ ಮಾಡಿಸುವುದಾದರೆ ಯಾವ ಫೈಲ್ ಮೊದಲು, ಅದಕ್ಕೆ ಯಾವ ಪದಪಟ್ಟಿ ಅನ್ನುವುದೂ ಅದರಲ್ಲೇ ಇರಲಿ. ಆಗ ನೀವು ಅಂಕ ಹಾಕುವಾಗಲೂ ಕೈ ಜಾರಲ್ಲ, "ಗೋಡೆ" ಅಂತ ಬರೆಯಬೇಕಾದಲ್ಲಿ "ಗೊಡೆ" ಅಂತ ಬರೆದವನಿಗೆ ಅಂಕ ಕೊಡಬೇಕಾ ಬೇಡವಾ ಅನ್ನುವಾಗ ಅವನು ಯಾವ ಗುಂಪು ಅಂತ ನಿಮಗೆ ಗೊತ್ತಿರಲ್ಲ. ಹೆಡ್‌ಫೋನಿನಿಂದ ಸದ್ದು ಹೊರಗೆ ಬರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಈ ಗುಟ್ಟೆಲ್ಲ ರಟ್ಟು.

ಹಾಡು ಅಂತ ಮಾತ್ರ ಬರೆದಿದ್ದೀರಿ, ಕನ್ನಡ ಹಾಡಾ, ಬೇರೆ ಭಾಷೆಯದ್ದಾ, ಬರೀ ವಾದ್ಯವಾ ಅಂತ ಹೇಳಿಲ್ಲ. ಪದಪಟ್ಟಿ ಕನ್ನಡದ್ದು ಇದ್ದು, ಕಿವಿಯಲ್ಲಿ ಕನ್ನಡ ಮಾತೇ ಓಡುತ್ತಿದ್ದರೆ ಅದೊಂದು ಬೇರೆಯೇ ಗೊಂದಲ. ದಾಳ ಹಾಕುವ ಮುಂಚೆ ಅದನ್ನು ಬರೆದು ಕಳಿಸಿ, ನೋಡೋಣ.